ಹಳದಿ ಕೋಟಿನ ಮೂರನೇ ಗುಂಡಿ

ಏಳು ಅಲೆಗಳಾಚೆ ಉಪ್ಪುಗಾಳಿಯ ಒಂದು ಊರಿತ್ತಂತೆ. ಆ ಊರಿನಲ್ಲಿ ಒಂದು ತೋಳ, ಒಂದು ನಾಯಿ. ಎರಡಕ್ಕೂ ಭಾರೀ ಸ್ನೇಹವಂತೆ. ಒಂದು ದಿನ ತೋಳ ನಾಯಿಯ ತೊಗಲನ್ನು ಎರವಲು ಪಡೆದು ಹೊದ್ದುಕೊಂಡಿತು. ಹೋಗಿ ಪಕ್ಕದೂರಿನ ಕುರಿಮರಿಯನ್ನು ಕಚ್ಚಿ ಹಾಕಿತು. ತೊಗಲನ್ನು ಸದ್ದಿಲ್ಲದೆ ನಾಯಿಯ ಬಾಗಿಲಿಗೆ ನೇತುಹಾಕಿ ಹೊರಟುಹೋಯಿತು. ಜನ ಬಂದರು. ತೊಗಲಿನ ಮೇಲೆ ರಕ್ತ ಕಂಡರು. ನಾಯಿಯನ್ನು ಕಟ್ಟಿಹಾಕಿದರು. ನಾಯಿಯ ತಾಯಿ ಕೂಗಿ ಕೂಗಿ ಹೇಳಿತು, "ನನ್ನ ಮಗ ಆ ದಿನ ಪೂರ್ತಿ ಮನೆಯಲ್ಲೇ ಇದ್ದ!" ಊರಿಗೆ ಊರೇ ನಕ್ಕಿತು...

"ಆಮೇಲೇನಾಯ್ತು ಅಜ್ಜಿ?"

"ಆಮೇಲಿಂದು ಇನ್ನೂ ಆಗಿಲ್ಲ ಕಣೇ. ಯಾರಾದ್ರೂ ಆ ತೋಳಾನ ಕರ್ಕೊಂಡ್ಬಂದು ಆ ತಾಯಿ ಮುಂದೆ ನಿಲ್ಲಿಸ್ಬೇಕು. 'ಈ ಮುದುಕಿ ಸುಳ್ಳು ಹೇಳ್ಲಿಲ್ಲ' ಅಂತ ಅದರ ಬಾಯಲ್ಲೇ ಹೇಳಿಸ್ಬೇಕು. ಅಲ್ಲಿಗೆ ಕತೆ ಮುಗೀತು."

"ನಾನು ಕರ್ಕೊಂಡ್ಬರ್ತೀನಿ."

ಆಗ ನನಗೆ ಏಳು ವರ್ಷ.

ಈಗ ಇಪ್ಪತ್ತೇಳು. ಆ ತೋಳ ನನ್ನ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು, ಎರಡೂ ಕೈಯಲ್ಲಿ ಸೀಟ್ ಬೆಲ್ಟ್ ಹಿಡಿದುಕೊಂಡು ಕಿರುಚುತ್ತಿತ್ತು.

"ಹಿಂದೇನೇ ಬಂದ್ರು! ಅಯ್ಯೋ, ಹಿಂದೇನೇ ಬಂದ್ರು!"

ಕನ್ನಡಿ ನೋಡಿದೆ. ಬಿಳಿ ಪಿಕಪ್. ಮೇಲೆ ಏಣಿ, ಹೆಂಚು. ಬಾಗಿಲ ಮೇಲೆ ದಪ್ಪ ಅಕ್ಷರ... 'ಡಗ್ಗನ್ ಮತ್ತು ಮಕ್ಕಳು, ಛಾವಣಿ ಕೆಲಸದವರು.' ಕಿಟಕಿಯಿಂದ ಒಂದು ಕೈ ಹೊರಗೆ ಬಂದಿತ್ತು. ಕೈಯಲ್ಲಿ ಸುತ್ತಿಗೆ.

"ತಲೆ ಬಗ್ಗಿಸಿ ಕೂತ್ಕೊಳ್ಳಿ!"

"ಈ ಕೋಟು ಸುಕ್ಕಾಗುತ್ತೆ ಕಣಮ್ಮ!"

ನಿಜವಾಗಿಯೂ ಹಾಗೆಂದ. ಸುತ್ತಿಗೆ ಹಿಂದೆ ಬರುತ್ತಿದೆ, ಇವನಿಗೆ ಕೋಟಿನ ಚಿಂತೆ!

ನನ್ನ ಪಕ್ಕದಲ್ಲಿದ್ದವನು ಲೆನ್ ಟ್ರಾಂಟರ್. ವಯಸ್ಸು ನಲವತ್ತೈದು. ಹದಿನಾರರಿಂದ ಮೂವತ್ತರವರೆಗೆ, ಊರಿನ ಫುಟ್‌ಬಾಲ್ ತಂಡದ ಹೆಸರಿನಲ್ಲಿ ಗ್ಯಾಂಗು ಸೇರಿಕೊಂಡು, ಪ್ರತಿ ಶನಿವಾರ ಯಾರದಾದರೂ ಮೂಗು ಒಡೆದವನು. ಆಮೇಲೆ ಒಂದು ಚಿನ್ನದಂಗಡಿ ಲೂಟಿ. ಆರು ವರ್ಷ ಜೈಲು. ಜೈಲಿನಲ್ಲಿ ಪೆನ್ನು ಹಿಡಿದ. ಹೊರಗೆ ಬಂದಾಗ ಕಂಕುಳಲ್ಲಿ ತನ್ನ ಆ ದಿನಗಳ ಕತೆಯ ಹಸ್ತಪ್ರತಿ. 'ಮೂಗು ಮುರಿದ ಶನಿವಾರಗಳು.' ಈಗ ಟಿವಿಯವರು ಇವನನ್ನು ಸರ್ ಎನ್ನುತ್ತಾರೆ.

ಇವತ್ತು ನಮ್ಮ ಕ್ರೇಕ್‌ಮತ್ ಊರಿನ ಪುಸ್ತಕದಂಗಡಿಯಲ್ಲಿ ಸಹಿ ಹಾಕುವ ಕಾರ್ಯಕ್ರಮವಿತ್ತು, ಆಗಷ್ಟೇ ಮುಗಿಸಿ ಹೊರಟಿದ್ದೆವು. ಇವನ ಹುಟ್ಟೂರು. ಬೆದರಿಕೆ ಕಾಗದಗಳು ಬಂದಿದ್ದವು. ಪ್ರಕಾಶಕರು ಊರು ಬಲ್ಲ ಕಾವಲಿನವರನ್ನು ಹುಡುಕುತ್ತಿದ್ದರು. ನಾನು ಪಬ್ಬಿನ ಬಾಗಿಲಲ್ಲಿ ಐದು ವರ್ಷ ಕಾವಲು ನಿಂತವಳು. ಈಗ ಜನರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಜೋಪಾನವಾಗಿ ತಲುಪಿಸುವುದು ನನ್ನ ಕಸುಬು. ನಾನೇ ಫೋನ್ ಮಾಡಿದೆ.

"ಒಂದು ಗಂಟೆಯಿಂದ ನಾಲ್ಕು ಗಂಟೆವರೆಗೆ," ಎಂದಳು ಪ್ರಕಾಶಕರ ಹುಡುಗಿ. "ಲೇಖಕರ ಮೈಮೇಲೆ ಒಂದು ಗೀರೂ ಬೀಳಬಾರದು."

"ನಾಲ್ಕರವರೆಗೆ ಬೀಳೋದಿಲ್ಲ," ಎಂದೆ.

ನನ್ನ ಹೆಸರು ನೆಲ್ ಗಾರ್‌ಸೈಡ್ ಎಂದೆ. ಅದು ಅಮ್ಮನ ಕಡೆಯ ಹೆಸರು. ಅಪ್ಪನ ಹೆಸರು ಹೇಳಿದ್ದರೆ ಟ್ರಾಂಟರ್ ವ್ಯಾನ್ ಹತ್ತುತ್ತಿರಲಿಲ್ಲ.

* * *

ಮೀನು ಮಾರುಕಟ್ಟೆಯ ತಿರುವಿನಲ್ಲಿ ಸ್ಟಿಯರಿಂಗ್ ಗಕ್ಕನೆ ತಿರುಗಿಸಿದೆ. ಟೈರು ಕಿರುಗುಟ್ಟಿತು. ಐಸಿನ ಪೆಟ್ಟಿಗೆಗಳು ಹಾರಿದವು. ಒಬ್ಬ ಮೀನುಗಾರ ನನ್ನ ಇಡೀ ವಂಶವನ್ನು ಬೈದ.

"ಇಷ್ಟೆಲ್ಲ ಯಾಕೆ?" ಎಂದೆ. "ಡಗ್ಗನ್‌ಗೆ ನಿಮ್ಮ ಮೇಲೆ ಏನು ಸಿಟ್ಟು?"

"ಪುಟ ಎಂಬತ್ತೆಂಟು," ಎಂದು ನರಳಿದ. "ಬ್ರ್ಯಾಡ್‌ವಿಕ್ ಊರಿನ ಗ್ಯಾಂಗು ನಮ್ಮ ಮೇಲೆ ಬಿದ್ದಾಗ ಇವನು ಚಿಪ್ಸ್ ಅಂಗಡಿ ಕೌಂಟರ್ ಹಿಂದೆ ಅಡಗಿದ್ದ ಅಂತ ಬರೆದುಬಿಟ್ಟೆ."

"ನಿಜಾನಾ?"

"ನಿಜಾನೇ! ಹೆಸರು ಬದಲಾಯಿಸಿದ್ದೆ ಕಣಮ್ಮ. ಎಲ್ಲರ ಹೆಸರೂ ಬದಲಾಯಿಸಿದೀನಿ! ನಮ್ಮಲ್ಲಿ ಒಂದೇ ಧರ್ಮ... ಯಾರ ಹೆಸರೂ ಬಾಯಿಬಿಡೋ ಹಾಗಿಲ್ಲ. ಪೊಲೀಸಿಗೂ ಇಲ್ಲ, ಪುಸ್ತಕಕ್ಕೂ ಇಲ್ಲ."

ಗೊತ್ತು. ಆ ಧರ್ಮ ನಮ್ಮ ಮನೆಯನ್ನು ತಿಂದು ತೇಗಿದೆ.

ರೈಲ್ವೆ ರಸ್ತೆಗೆ ಬಂದೆವು. ಅಲ್ಲಿಗೆ ಮುಗಿಯಿತು. ರಸ್ತೆ ತುಂಬ ಜನ! ಶನಿವಾರ, ಎರಡೂವರೆ ಗಂಟೆ, ಮೂರಕ್ಕೆ ಪಂದ್ಯ. ಕುತ್ತಿಗೆಗೆ ಸುತ್ತಿದ ನೀಲಿ ಮಫ್ಲರುಗಳು, ಕೈಯಲ್ಲಿ ಮಾಂಸದ ಬಿಸಿ ಪೈಗಳು, ಬಾಯಲ್ಲಿ ಹಾಡು. ಹೆಗಲ ಮೇಲೆ ಕೂಸುಗಳು. ಕುದುರೆ ಏರಿದ ಪೊಲೀಸರು. ವ್ಯಾನು ಕೆಸರಿನಲ್ಲಿ ಹೂತಂತೆ ನಿಂತಿತು.

"ಇಳೀರಿ. ನಡೀರಿ."

"ಪೊಲೀಸ್‌ನ ಕರಿಯೋಣ್ವಾ?"

"ಕರೀರಿ."

ಅವನು ಕುದುರೆಯ ಕಡೆ ನೋಡಿದ. ಬಾಯಿ ತೆರೆದ. ಮುಚ್ಚಿದ. ಹಳೆಯ ಅಭ್ಯಾಸ. ಸಾಯುವಾಗಲೂ ಪೊಲೀಸರನ್ನು ಕರೆಯದ ಜಾತಿ ಇದು!

ಹಿಂದೆ ಪಿಕಪ್ಪಿನ ಬಾಗಿಲು ದಡಾರನೆ ಬಡಿದುಕೊಂಡಿತು. ಡಗ್ಗನ್‌ನ ಇಬ್ಬರು ಗಂಡುಮಕ್ಕಳು ಜನರನ್ನು ತಳ್ಳಿಕೊಂಡು ಬರುತ್ತಿದ್ದರು. ಒಬ್ಬೊಬ್ಬನೂ ಒಂದೊಂದು ಕಬ್ಬಿಣದ ಬೀರುವಿನ ಗಾತ್ರ.

"ಈ ಕೆಂಪು ಕೋಟು ಮೈಲಿ ದೂರಕ್ಕೂ ಕಾಣುತ್ತೆ," ಎಂದೆ.

ಟ್ರಾಂಟರ್ ನಿಂತ. ಆ ಬೆವೆತ ಮುಖದಲ್ಲಿ ಮೊದಲ ಸಲ ಒಂದು ಕಳ್ಳನಗೆ ಮೂಡಿತು. ಇಪ್ಪತ್ತು ವರ್ಷ ಚಿಕ್ಕವನಾದಂತೆ ಕಂಡ.

"ಹಳೇ ಆಟ ಆಡೋಣ ಬಾ."

ಪಂದ್ಯದ ಪುಸ್ತಿಕೆ ಮಾರುತ್ತಿದ್ದ ಒಬ್ಬ ಮುದುಕನ ಹತ್ತಿರ ಹೋದ. ಮುದುಕನ ಮೈಮೇಲೆ ಮೀನಿನ ಚೀಲದಂಥ ಬೂದು ಮಳೆಕೋಟು.

"ಯಜಮಾನ್ರೇ, ಕೋಟು ಬದಲಾಯಿಸ್ಕೊಳ್ಳೋಣ್ವಾ?"

"ನಿಂಗೆ ಹುಚ್ಚಾ?"

"ಇದು ಇಟಲಿದು!"

"ಹಾಗಿದ್ರೆ ನಿಂಗೆ ಹುಚ್ಚೇ. ಕೊಡು!"

ಅರ್ಧ ನಿಮಿಷ. ಕೆಂಪು ಕೋಟು ಮುದುಕನ ಮೈಮೇಲೆ ಎಡಕ್ಕೆ ಹೋಯಿತು. ನಾವು ಬಲಕ್ಕೆ. ಡಗ್ಗನ್‌ನ ಮಕ್ಕಳು ಕೆಂಪು ಕೋಟಿನ ಹಿಂದೆ ಓಡಿದರು!

ಟ್ರಾಂಟರ್ ಉಸಿರು ಬಿಟ್ಟು ನಕ್ಕ. "ಪಂದ್ಯದ ದಿನ ಪಬ್ಬಲ್ಲಿ ಎಲ್ಲರೂ ಕೋಟು ಬದಲಾಯಿಸ್ಕೊಳ್ತಿದ್ವಿ ಕಣಮ್ಮ. ಪೊಲೀಸ್ನೋರು ಮುಖ ನೋಡಲ್ಲ, ಕೋಟು ನೋಡ್ತಾರೆ. ನಾನು ಹೊಡೀತೀನಿ, ಅವರು ಇನ್ಯಾರ್ನೋ ಹುಡುಕ್ತಾರೆ. ಆ ಇನ್ಯಾರೋ ಆ ಹೊತ್ತಿಗೆ ಬೇರೆ ಕೋಟಲ್ಲಿ ಬೇರೆ ಕಡೆ ಇರ್ತಾನೆ. ಯಾರಿಗೂ ತೊಂದ್ರೆ ಇಲ್ಲ!"

"ಯಾರಿಗೂ ಇಲ್ವಾ?"

"ಯಾರಿಗೂ ಇಲ್ಲ."

"ಸಾಸಿವೆ ಹಳದಿ ಬಣ್ಣದ್ದು ಒಂದಿತ್ತಲ್ಲ. ಅದರ ಯಜಮಾನನಿಗೂ ಇಲ್ವಾ?"

ನಗೆ ಅವನ ಮುಖದಿಂದ ಮೆಲ್ಲಗೆ ಇಳಿಯಿತು.

"ನೀನು ಯಾರು?"

"ನಡಿ," ಎಂದೆ. "ಸೇತುವೆ ದಾಟಬೇಕು."

* * *

ಹೋದ ಚಳಿಗಾಲದ ಮಾತು. ಅಜ್ಜಿಗೆ ಕಣ್ಣು ಮಂಜು. ಪ್ರತಿ ಭಾನುವಾರ ಸಮುದ್ರದ ದಂಡೆಯ ವೃದ್ಧಾಶ್ರಮಕ್ಕೆ ಹೋಗಿ ಅವಳಿಗೆ ಏನಾದರೂ ಓದಿ ಹೇಳುತ್ತೇನೆ. ಅವಳು ನನಗೆ ಹೇಳಿದ ಕತೆಗಳ ಋಣ ಅಷ್ಟಿದೆ. ಆ ಸಲ ಅವಳೇ ಕೇಳಿದಳು.

"ಆ ಟ್ರಾಂಟರ್ ಹುಡುಗ ಏನೋ ಬರ್ದಿದಾನಂತಲ್ಲ, ಅದನ್ನ ಓದೇ. ಚಿಕ್ಕೋನಿದ್ದಾಗ ನಮ್ಮ ಅಡಿಗೆಮನೇಲಿ ಬ್ರೆಡ್ಡು ಕದ್ದು ತಿಂತಿದ್ದ."

ಓದಿದೆ. ಅಜ್ಜಿ ಹೆಣೆಯುತ್ತ ಕೇಳಿದಳು. ಚಿಪ್ಸ್ ಅಂಗಡಿಯ ಪುಟಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪುಟ ನೂರಾ ನಲವತ್ತಮೂರಕ್ಕೆ ಬಂದಾಗ ಹೆಣಿಗೆ ಕಡ್ಡಿಗಳ ಸದ್ದು ನಿಂತಿತು.

"ಆ ಸಾಲು ಇನ್ನೊಂದ್ಸಲ ಓದು."

ಓದಿದೆ.

"ಇನ್ನೊಂದ್ಸಲ."

ಓದಿದೆ.

ಅಜ್ಜಿ ಕಿಟಕಿಯ ಕಡೆ ತಿರುಗಿದಳು. ಕಿಟಕಿಯಾಚೆ ಸಮುದ್ರವಿತ್ತು, ಅವಳಿಗೆ ಅದು ಬರೀ ಬೆಳಕು.

"ಅದು ನನ್ನ ಗುಂಡಿ ಕಣೇ," ಎಂದಳು.

* * *

ರೈಲು ಹಳಿಗಳ ಮೇಲಿನ ಕಾಲ್ಸೇತುವೆ. ಕಬ್ಬಿಣದ ಮೆಟ್ಟಿಲು, ತುಕ್ಕು ಹಿಡಿದ ಕಂಬಿ. ಆಚೆ ಬದಿಗೆ ಸಮುದ್ರ ರಸ್ತೆ. ಅಲ್ಲಿಂದ ವೃದ್ಧಾಶ್ರಮ ಒಂದು ಮೈಲಿ.

ಟ್ರಾಂಟರ್ ಮೊದಲ ಮೆಟ್ಟಿಲಲ್ಲೇ ನಿಂತ.

"ಬೇರೆ ದಾರಿ ಇಲ್ವಾ?"

"ಯಾಕೆ? ಈ ಸೇತುವೆಗೆ ಏನಾಗಿದೆ?"

ಅವನು ಕಂಬಿ ಹಿಡಿದ. ಹತ್ತಿದ. ಒಂದೊಂದು ಮೆಟ್ಟಿಲಿಗೂ ಮುದುಕನಾಗುತ್ತ ಹತ್ತಿದ.

ನಡುವಿಗೆ ಬಂದೆವು. ಆಚೆ ತುದಿಯಲ್ಲಿ ಒಬ್ಬ, ನಮಗಿಂತ ಮುಂಚೆಯೇ ದಾಟಿ, ಕಂಬಿಗೆ ಒರಗಿ ನಿಂತಿದ್ದ. ಅಗಲ ಹೆಗಲು. ಬೋಳು ತಲೆ. ಎಡಗಿವಿ ಇಲ್ಲ. ಅದರ ಜಾಗದಲ್ಲಿ ಒಂದು ಗಂಟು. ಕೈಯಲ್ಲಿ ಹೆಂಚು ಒಡೆಯುವ ಸುತ್ತಿಗೆ.

ಕ್ಲಿಫ್ ಡಗ್ಗನ್. ಒಂದು ಕಾಲಕ್ಕೆ ನಮ್ಮೂರಿನ ಗ್ಯಾಂಗಿನ ದೊರೆ.

"ಕೋಟು ಬದಲಾಯಿಸಿದ್ಯೇನೋ ಲೆನ್?" ಎಂದ. "ಆ ಆಟ ನಿಂಗೆ ಹೇಳ್ಕೊಟ್ಟವನು ಯಾರೋ? ನಿಮ್ಮಪ್ಪನಾ?"

ಹಿಂದಿನಿಂದ ಮೆಟ್ಟಿಲ ಮೇಲೆ ಬೂಟುಗಳ ಸದ್ದು. ಮಕ್ಕಳಿಬ್ಬರೂ ತಿರುಗಿ ಬಂದಿದ್ದರು. ದೊಡ್ಡವನ ಕೈಯಲ್ಲಿ ಕೆಂಪು ಕೋಟು.

"ಅಪ್ಪಾ, ಮುದುಕ ಬಿಡೋದೇ ಇಲ್ಲ ಅಂದ. ಅಂಗಡೀಲಿ ಕೊಂಡ್ಕೊಂಡಂಗೆ ಜಗಳ ಆಡ್ದ!"

ಮುಂದೆ ಸುತ್ತಿಗೆ. ಹಿಂದೆ ಬೀರುವಿನಂಥ ಇಬ್ಬರು. ಕೆಳಗೆ ಹಳಿ.

"ನೀನು ಪಕ್ಕಕ್ಕೆ ಸರಿಯಮ್ಮ," ಎಂದ ಡಗ್ಗನ್. "ಹೆಣ್ಣುಮಕ್ಕಳ ಮೇಲೆ ಕೈ ಮಾಡೋದಿಲ್ಲ."

"ನಾನು ಮಾಡ್ತೀನಿ," ಎಂದೆ. "ಗಂಡಸರ ಮೇಲೆ."

ಚಿಕ್ಕವನು ನಕ್ಕು ನನ್ನ ತೋಳಿಗೆ ಕೈ ಹಾಕಿದ. ಪಬ್ಬಿನ ಬಾಗಿಲಲ್ಲಿ ಮೊದಲು ಕಲಿಯುವ ಪಾಠ... ಹೆಬ್ಬೆರಳು! ತಿರುಗಿಸಿದೆ. ಅವನು ಮಂಡಿಯೂರಿ ಕೂತು ತಾಯಿಯನ್ನು ಕರೆದ.

ಡಗ್ಗನ್ ಹುಬ್ಬೇರಿಸಿದ. "ಭಲೇ! ಯಾರ ಮಗಳಮ್ಮ ನೀನು?"

"ಹೇಳ್ತೀನಿ. ಮೊದಲು ಪುಟ ಎಂಬತ್ತೆಂಟು ಮುಗಿಸಿ."

"ಹಾಂ! ಎಂಬತ್ತೆಂಟು!" ಗಾಯಕ್ಕೆ ಉಪ್ಪು ಬಿದ್ದಂತೆ ಎಗರಿದ. "ನನ್ನ ಮೊಮ್ಮಗಳು ಸ್ಕೂಲಿಂದ ಅಳ್ತಾ ಬಂದ್ಲು ಕಣೋ ಲೆನ್! 'ತಾತಾ, ನೀನು ಆಲೂಗೆಡ್ಡೆ ಮೂಟೆ ಮಧ್ಯೆ ಕೂತಿದ್ಯಂತೆ!' ಅಂತ."

"ಹೆಸರು ಹಾಕಿಲ್ವಲ್ಲ ಕ್ಲಿಫ್..."

"'ಟೀ ಕಪ್ಪು' ಅಂತ ಹಾಕಿದ್ಯ! 'ಕಪ್ಪಿನ ಹಿಡಿಯ ಹಾಗೆ ಒಂದೇ ಕಿವಿ ಇದ್ದದ್ದರಿಂದ ಆ ಹೆಸರು' ಅಂತ ಬೇರೆ! ಈ ಊರಲ್ಲಿ ಒಂದೇ ಕಿವಿ ಇರೋವ್ರು ಎಷ್ಟು ಜನ ಇದೀವೋ? ಸಂಘ ಕಟ್ಟಿದೀವೇನೋ?"

ಸುತ್ತಿಗೆ ಮೇಲೆದ್ದಿತು. ಟ್ರಾಂಟರ್ ನನ್ನ ಬೆನ್ನ ಹಿಂದೆ ಸರಿದ.

ನಾನು ಜೇಬಿನಿಂದ ಪುಸ್ತಕ ತೆಗೆದೆ. ಅಜ್ಜಿಯ ಪ್ರತಿ. ಹಾಳೆಗೆ ಉಣ್ಣೆಯ ನೂಲಿನ ಗುರುತು.

"ನೀವು ಎಂಬತ್ತೆಂಟು ಓದಿ ನಿಲ್ಲಿಸಿಬಿಟ್ರಿ ಡಗ್ಗನ್. ನೂರಾ ನಲವತ್ತಮೂರು ಓದಿದ್ರಾ?"

"ಬೇಡ," ಎಂದ ಟ್ರಾಂಟರ್. ದನಿ ಗಾಳಿಗೆ ಒಡೆಯಿತು. "ಅದರಲ್ಲಿ ಏನೂ ಇಲ್ಲ. ಬರೀ ಬಟ್ಟೆ ವಿಷಯ."

ನಾನು ಓದಿದೆ. ಗಟ್ಟಿಯಾಗಿ ಓದಿದೆ.

'ಆ ದಿನ ನನ್ನ ಮೈಮೇಲೆ ಸಾಸಿವೆ ಹಳದಿಯ ಇಟಲಿ ಕೋಟು. ಒಳಗೆ ಕೆಂಪು ಅಸ್ತರ. ಇಡೀ ಊರಿನಲ್ಲಿ ಅಂಥದ್ದು ಒಂದೇ. ಒಂದೇ ಕುಂದು, ಮೂರನೆಯ ಗುಂಡಿ ಮಾತ್ರ ಬೇರೆ. ಕಂದು ಬಣ್ಣದ್ದು, ಯಾವುದೋ ಮುದುಕಿಯ ಸ್ವೆಟರಿನಿಂದ ಕಿತ್ತು ಹೊಲಿದ ಹಾಗೆ. ಇರಲಿ. ಆ ಕೋಟಿನಲ್ಲಿ ರೈಲ್ವೆ ಸೇತುವೆಯ ಮೇಲೆ ನಿಂತಾಗ ನಾನು ರಾಜನಂತೆ ಕಾಣುತ್ತಿದ್ದೆ.'

ಎತ್ತಿದ ಸುತ್ತಿಗೆ ಮೆಲ್ಲಗೆ ಕೆಳಗಿಳಿಯಿತು.

ಅರವತ್ತು ಜನರ ಹೆಸರು ಬದಲಾಯಿಸಿದ್ದ. ಊರುಗಳ ಹೆಸರು, ಪಬ್ಬುಗಳ ಹೆಸರು, ವರ್ಷ, ತಿಂಗಳು ಎಲ್ಲ ಬದಲಾಯಿಸಿದ್ದ. ಕೋಟನ್ನು ಮಾತ್ರ ಬದಲಾಯಿಸಿರಲಿಲ್ಲ! ಈ ಜನ ಹೀಗೆಯೇ. ಯಾರಿಗೆ ಹೊಡೆದೆ ಎಂದು ಕೇಳಿ, ಮರೆತಿರುತ್ತಾರೆ. ಹೊಡೆದಾಗ ಏನು ತೊಟ್ಟಿದ್ದೆ ಎಂದು ಕೇಳಿ... ಹೊಲಿಗೆಯ ಸಮೇತ ಹೇಳುತ್ತಾರೆ.

"ಹಳದಿ ಕೋಟು..." ಎಂದ ಡಗ್ಗನ್ ಮೆಲ್ಲಗೆ. "ಅದು ಕಾಲಿನ್ ಹೆಬ್ಡನ್‌ದು."

"ಹೌದು."

"ಆ ಬ್ರ್ಯಾಡ್‌ವಿಕ್ ಹುಡುಗನ್ನ ಇದೇ ಸೇತುವೆ ಮೇಲೆ ತುಳಿದದ್ದು ಕಾಲಿನ್. ನಾನು ಕಣ್ಣಾರೆ ನೋಡಿದೀನಿ. ಬೆನ್ನು ಕಡೆಯಿಂದ."

"ಏನು ನೋಡಿದ್ರಿ? ಕಾಲಿನ್ನಾ? ಕೋಟಾ?"

ಡಗ್ಗನ್‌ ತನ್ನ ಬೋಳು ತಲೆ ಸವರಿಕೊಂಡ. ಕೋಟು ಬದಲಾಯಿಸುವ ಆಟ ಕಲಿಸಿದ ದೊರೆ! ಇಪ್ಪತ್ತನಾಲ್ಕು ವರ್ಷ ತನ್ನದೇ ಆಟಕ್ಕೆ ತಾನೇ ಮೋಸಹೋಗಿದ್ದ.

"ರೈಲಿನಲ್ಲಿದ್ದ ಮೂರು ಜನ ಕೋರ್ಟಲ್ಲಿ ಹೇಳಿದ್ರು, ಹಳದಿ ಕೋಟು ಅಂತ," ಎಂದೆ. "ಪೊಲೀಸ್ನೋರಿಗೆ ಕೋಟು ಕಾಲಿನ್ ಮನೆ ಹಿಂಬಾಗಿಲಲ್ಲಿ ಸಿಕ್ತು. ತೋಳಿನ ಮೇಲೆ ರಕ್ತ. ಕಾಲಿನ್ ಅಂದ, 'ನಾನು ಅವತ್ತು ಮನೇಲಿ ಅಮ್ಮನ ಜೊತೆ ಗೋಡೆಗೆ ಚಿತ್ರದ ಕಾಗದ ಅಂಟಿಸ್ತಿದ್ದೆ.' 'ಹಾಗಿದ್ರೆ ಕೋಟು ಯಾರ ಹತ್ರ ಇತ್ತು?' ಅಂದ್ರು. ಅವನು ಬಾಯಿ ಬಿಡ್ಲಿಲ್ಲ. ನಿಮ್ಮ ಧರ್ಮ! ಅವನ ತಾಯಿ ಬಂದು ಹೇಳಿದ್ಲು. 'ತಾಯಿ ಅಲ್ವಾ, ಇನ್ನೇನು ಹೇಳ್ತಾಳೆ' ಅಂತ ವಕೀಲ ನಕ್ಕ. ತೀರ್ಪು ಹೇಳೋ ಜ್ಯೂರಿಯವ್ರೂ ನಕ್ರು. ಎಂಟು ವರ್ಷ."

"ನೀನು..."

"ಅವನ ಮಗಳು."

ದೂರದ ಮೈದಾನದಿಂದ ಒಮ್ಮೆಲೇ ಹದಿನೈದು ಸಾವಿರ ಗಂಟಲುಗಳ ಘರ್ಜನೆ ಎದ್ದಿತು. ಮೂರು ಗಂಟೆ. ಪಂದ್ಯ ಶುರುವಾಗಿತ್ತು. ನಾಲ್ವರು ಗಂಡಸರೂ ಆ ಕಡೆ ತಿರುಗಿ ನೋಡಲಿಲ್ಲ. ನಮ್ಮೂರಿನ ಚರಿತ್ರೆಯಲ್ಲಿ ಇದು ಮೊದಲ ಸಲವಿರಬೇಕು.

"ಪ್ರತಿ ವರ್ಷ ಕಾಲಿನ್ ಹೆಸರಲ್ಲಿ ಗ್ಲಾಸು ಎತ್ತಿದೀನಿ ಲೆನ್," ಎಂದ ಡಗ್ಗನ್. "ಅವನ ಮಣ್ಣಿಗೆ ನೀನೂ ಬಂದಿದ್ದೆ. ಶವಪೆಟ್ಟಿಗೆಗೆ ಹೆಗಲು ಕೊಟ್ಟೆ. ಆ ಕಡೆ ನಾನು, ಈ ಕಡೆ ನೀನು. ಹೆಗಲು ಕೊಟ್ಯಲ್ಲೋ... ನಾಯಿ!"

ಸುತ್ತಿಗೆ ಬೀಸಿ ಬಂತು.

ನಾನು ನಡುವೆ ನುಗ್ಗಿದೆ. ಮೊಣಕೈಯಿಂದ ಅವನ ಮುಂಗೈ ತಡೆದೆ. ಸುತ್ತಿಗೆ ಕಂಬಿಗೆ ಬಡಿಯಿತು. ಇಡೀ ಸೇತುವೆ ಗಂಟೆಯ ಹಾಗೆ ಮೊಳಗಿತು. ನನ್ನ ಕೈ ಬೆರಳಿನಿಂದ ಭುಜದವರೆಗೆ ಸತ್ತುಹೋಯಿತು.

"ಬಿಡೇ! ಇವನ ಬಾಯಿ ಒಡೀತೀನಿ!"

"ಬೇಡ! ನಾಲ್ಕು ಗಂಟೆವರೆಗೆ ಆ ಬಾಯಿ ನಂದು!"

"ಏನು?"

"ನಾನು ಏಳು ವರ್ಷದೋಳಿದ್ದಾಗ ಅಜ್ಜಿಗೆ ಮಾತು ಕೊಟ್ಟಿದೀನಿ. ಆ ಬಾಯಿಂದ ಒಂದು ಮಾತು ಹೊರಗೆ ಬರ್ಬೇಕು. ಹಲ್ಲಿಲ್ದೆ ಇದ್ರೆ ಉಚ್ಚಾರ ಸರಿ ಬರಲ್ಲ."

ಡಗ್ಗನ್ ನನ್ನನ್ನು ನೋಡಿದ. ಆಮೇಲೆ ಸುತ್ತಿಗೆಯ ಹಿಡಿ ತಿರುಗಿಸಿ ನನ್ನ ಕೈಗೆ ಕೊಟ್ಟ.

"ಕಾಲಿನ್ ತಾಯಿ, ವಿನ್ನಿ ಅಮ್ಮ, ಇನ್ನೂ ಇದಾರಾ?"

"ನಾಲ್ಕಕ್ಕೆ ಅವರ ಟೀ."

"ಲೇ," ಎಂದು ಮಕ್ಕಳ ಕಡೆ ತಿರುಗಿದ. "ಪಿಕಪ್ ತನ್ರೋ."

* * *

ಪಿಕಪ್ಪಿನ ಹಿಂದೆ, ಹೆಂಚುಗಳ ನಡುವೆ, ನಾವಿಬ್ಬರೇ ಕೂತೆವು. ಸಮುದ್ರದ ಗಾಳಿ ಕಣ್ಣಿಗೆ ಉಪ್ಪು ಎರಚುತ್ತಿತ್ತು. ಟ್ರಾಂಟರ್ ಓಡಲು ನೋಡಲಿಲ್ಲ. ಓಡುವ ಕಾಲು ಅವನಲ್ಲಿ ಉಳಿದಿರಲಿಲ್ಲ.

"ಆ ಹಿಂದಿನ ಶನಿವಾರ ಬದಲಾಯಿಸ್ಕೊಂಡಿದ್ವಿ," ಎಂದ. "ನನ್ನದು ಅವನ ಹತ್ರ, ಅವನದು ನನ್ನ ಹತ್ರ. ಮುಂದಿನ ವಾರ ಅವನು ಬರ್ಲಿಲ್ಲ. ಅಮ್ಮ ಬಿಡ್ಲಿಲ್ಲವಂತೆ. ನಾನು ಅವನ ಕೋಟಲ್ಲೇ ಹೋದೆ. ರಾತ್ರಿ ಚೀಲದಲ್ಲಿ ಹಾಕಿ ಅವನ ಹಿಂಬಾಗಿಲಿಗೆ ನೇತುಹಾಕಿ ಬಂದೆ. ರಕ್ತ ನೋಡಿರ್ಲಿಲ್ಲ... ಆಣೆ. ನಂಗಾಗ ಇಪ್ಪತ್ತೊಂದು."

"ಅಪ್ಪನಿಗೆ ಇಪ್ಪತ್ತೆರಡು. ನನಗೆ ಮೂರು."

"ದಿನಾ ಕಾಯ್ತಿದ್ದೆ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ. ಅವನು ಹೇಳಲೇ ಇಲ್ಲ. ಹೇಳ್ದೇ ಇದ್ದದ್ದಕ್ಕೆ ಅವನ ಮೇಲೆ ಸಿಟ್ಟು ಬರೋಕೆ ಶುರುವಾಯ್ತು, ಗೊತ್ತಾ?"

"ಆ ಹುಡುಗನ ಹೆಸರು ಗೊತ್ತಾ?"

"ಯಾವ ಹುಡುಗ?"

"ನೀನು ತುಳಿದವನು."

ಅವನು ಪಕ್ಕದ ಹೆಂಚಿನ ಅಂಚು ಉಜ್ಜಿದ.

"ಅಲೆಕ್ ಮಾಕ್ಸನ್," ಎಂದೆ. "ಒಂದು ಕಣ್ಣು ಹೋಯ್ತು. ಈಗ ದೋಣಿ ರಿಪೇರಿ ಮಾಡ್ತಾನೆ. ಅಪ್ಪ ಜೈಲಿಂದ ಬಂದಮೇಲೆ ಒಂದ್ಸಲ ಅವನ ಮನೆಗೆ ಹೋಗಿದ್ದ. ಏನೂ ಹೇಳೋಕಾಗ್ದೆ ಹೊಸ್ತಿಲಿಂದಲೇ ವಾಪಸ್ ಬಂದ."

ಅವನು ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ಮಾತು ಬಂತು.

"ಜೈಲಲ್ಲಿ ಆ ಅಧ್ಯಾಯಾನ ಹನ್ನೊಂದು ಸಲ ಬರ್ದೆ. ಹನ್ನೊಂದು ಸಲ ಹರ್ದೆ."

"ಕೊನೆಗೆ ಕೋಟು ಬರೆದೆ. ಯಾರಾದ್ರೂ ಹಿಡೀಲಿ ಅಂತಾನಾ?"

ಹೌದು ಎನ್ನಬಹುದಿತ್ತು. ಹೌದು ಎಂದಿದ್ದರೆ ನಾನು ನಂಬುತ್ತಿದ್ದೆನೇನೋ. ಮನಸ್ಸಿನ ಒಂದು ಮೂಲೆ ನಂಬಲು ಕಾದು ಕೂತಿತ್ತು.

ಅವನು ಮುಖದಿಂದ ಕೈ ತೆಗೆದ.

"ಇಲ್ಲ ಕಣಮ್ಮ," ಎಂದ. "ಹೊಳೀಲೇ ಇಲ್ಲ. ಕೋಟು... ಅಷ್ಟು ಚೆನ್ನಾಗಿತ್ತು."

* * *

ವೃದ್ಧಾಶ್ರಮದ ಹಜಾರ. ಹನ್ನೆರಡು ಮುದುಕಿಯರು, ಇಬ್ಬರು ಮುದುಕರು, ಒಂದು ಕುರುಡು ಬೆಕ್ಕು. ಟಿವಿಯಲ್ಲಿ ಫುಟ್‌ಬಾಲ್ ಸ್ಕೋರು. ಗೋಡೆಯ ಗಡಿಯಾರದಲ್ಲಿ ಮೂರೂ ನಲವತ್ತು. ಟೀ ಗಾಡಿ ಆಗಲೇ ಬಂದಿತ್ತು.

ಅಜ್ಜಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ. ಎಂಬತ್ತನಾಲ್ಕರ ವಿನ್ನಿ ಹೆಬ್ಡನ್. ಹೆಣಿಗೆ ಮಡಿಲಲ್ಲಿ.

"ಅಜ್ಜಿ, ಕರ್ಕೊಂಡ್ಬಂದೆ."

ಅವಳು ತಲೆ ಎತ್ತಲಿಲ್ಲ. ಮೂಗರಳಿಸಿದಳು. "ಯಾರದೀ ಮೀನಿನ ವಾಸನೆ ಕೋಟು?"

"ನಂದಲ್ಲ... ಅಂದ್ರೆ, ಬದಲಾಯಿಸ್ಕೊಂಡದ್ದು..." ಎಂದ ಟ್ರಾಂಟರ್.

"ಇನ್ನೂ ಬಿಟ್ಟಿಲ್ವಾ ಆ ಚಾಳಿ?"

ಡಗ್ಗನ್ ಬಾಗಿಲಲ್ಲೇ ಟೊಪ್ಪಿ ತೆಗೆದು, ಶಾಲೆಯ ಹುಡುಗನಂತೆ ನಿಂತಿದ್ದ. ಟ್ರಾಂಟರ್ ಅಜ್ಜಿಯ ಮುಂದೆ ಮಂಡಿಯೂರಿದ.

"ವಿನ್ನಿ ಅಮ್ಮ..."

"ಇರು." ಅಜ್ಜಿ ಕುರ್ಚಿಯ ಪಕ್ಕದಿಂದ ಒಂದು ಚೌಕಟ್ಟು ಎತ್ತಿದಳು. ಗಾಜಿನೊಳಗೆ ಹಳೆಯ ಗೋಡೆಕಾಗದದ ತುಂಡು. ನೀಲಿ ಹಕ್ಕಿಗಳು. ಎಡಗಡೆಯ ಹಕ್ಕಿಗಳು ಮೇಲಕ್ಕೆ ಹಾರುತ್ತಿದ್ದವು. ಬಲಗಡೆಯವು ತಲೆಕೆಳಗಾಗಿ. "ಅವತ್ತು ರೇಡಿಯೋದಲ್ಲಿ ಗೋಲ್ ಅಂದ್ರು. ಕಾಲಿನ್ ಕುಣಿದುಬಿಟ್ಟ. ಈ ಪಟ್ಟಿ ತಲೆಕೆಳಗಾಗಿ ಅಂಟಿಸ್ದ. ಕೋರ್ಟಲ್ಲಿ ಹೇಳ್ದೆ, ಬನ್ನಿ, ಬಂದು ನನ್ನ ಗೋಡೆ ನೋಡಿ ಅಂತ. ಒಬ್ಬನೂ ಬರ್ಲಿಲ್ಲ. ಮನೆ ಬಿಡೋವಾಗ ಕತ್ತರಿಸಿ ತಂದೆ. ನೋಡು. ನೋಡಿದ್ಯಾ?"

"ನೋಡ್ದೆ."

"ಈಗ ಹೇಳು."

ಟ್ರಾಂಟರ್‌ ಚೌಕಟ್ಟಿನಿಂದ ಕಣ್ಣೆತ್ತಿದ.

"ವಿನ್ನಿ ಹೆಬ್ಡನ್ ಸುಳ್ಳು ಹೇಳ್ಲಿಲ್ಲ. ಕಾಲಿನ್ ಅವತ್ತು ಮನೇಲಿದ್ದ. ಆ ಕೋಟು ನನ್ನ ಮೈಮೇಲಿತ್ತು. ಆ ಹುಡುಗನ್ನ... ಅಲೆಕ್ ಮಾಕ್ಸನ್‌ನ... ತುಳಿದದ್ದು ನಾನು."

"ಜೋರಾಗಿ," ಎಂದಳು ಅಜ್ಜಿ. "ಈಡಿತ್‌ಗೆ ಕಿವಿ ಕೇಳಲ್ಲ. ಇಪ್ಪತ್ತನಾಲ್ಕು ವರ್ಷದಿಂದ ನನ್ನ ಜೊತೆ ಇಸ್ಪೀಟು ಆಡಲ್ಲ ಅವಳು. ಸುಳ್ಳಿ ಅಂತ."

ಅವನು ಜೋರಾಗಿ ಹೇಳಿದ. ಅಳುತ್ತ ಹೇಳಿದ. ಟಿವಿ ಯಾರೋ ಆರಿಸಿದರು. ಮೂಲೆಯಿಂದ ಒಂದು ಮುದಿದನಿ ಬಂತು. "ಏನಂದ? ಗೋಲಾ?"

"ಇನ್ನೊಂದ್ಸಲ," ಎಂದಳು ಅಜ್ಜಿ.

ಮೂರನೆಯ ಸಲಕ್ಕೆ ಈಡಿತ್ ಕೈ ಎತ್ತಿದಳು. ಕೇಳಿತು ಎಂದು.

ನಾನು ಪುಸ್ತಕ ಮುಂದೆ ಚಾಚಿದೆ. ಮೊದಲ ಖಾಲಿ ಹಾಳೆ. ಪೆನ್ನು.

"ಲೇಖಕರಲ್ವಾ? ಅದನ್ನೇ ಬರೀರಿ. ಸಹಿ ಹಾಕಿ. ಇವತ್ತಿನ ತಾರೀಖು. ಕೆಳಗೆ ಡಗ್ಗನ್ ಸಾಕ್ಷಿ ಹಾಕ್ತಾರೆ. ಸೋಮವಾರ ಇದು ವಕೀಲರ ಹತ್ರ ಹೋಗುತ್ತೆ."

ಬರೆದ. ಮಧ್ಯಾಹ್ನ ಇನ್ನೂರು ಪುಸ್ತಕಕ್ಕೆ ಸರಾಗವಾಗಿ ಸಹಿ ಹಾಕಿದ ಕೈ, ಆ ನಾಲ್ಕು ಸಾಲಿಗೆ ಹದಿನೈದು ನಿಮಿಷ ತೆಗೆದುಕೊಂಡಿತು. ಅಕ್ಷರ ಮಾತ್ರ ಚೆನ್ನಾಗಿತ್ತು. ಬರೆಯಲು ಬರುತ್ತದೆ ಅವನಿಗೆ. ಅದನ್ನು ಯಾರೂ ಇಲ್ಲವೆನ್ನುವಂತಿಲ್ಲ.

ಡಗ್ಗನ್ ಸಾಕ್ಷಿ ಹಾಕಿದ. ಅಜ್ಜಿಯ ಕೈಗೆ ಮುತ್ತಿಟ್ಟು ಹೊರಗೆ ಹೋದ.

ಅಜ್ಜಿ ಹಾಳೆಯ ಮೇಲೆ ಬೆರಳಾಡಿಸಿದಳು. ಒದ್ದೆ ಶಾಯಿ ಬೆರಳಿಗೆ ಹತ್ತಿತು. ಒರೆಸಿಕೊಳ್ಳಲಿಲ್ಲ.

"ಆಮೇಲೇನಾಯ್ತು ಅಜ್ಜಿ?" ಎಂದೆ. ನನ್ನ ದನಿ ಏಳು ವರ್ಷದ್ದಾಗಿತ್ತು.

"ಆಮೇಲಾ?" ಅಜ್ಜಿ ಹೆಣಿಗೆ ಕಡ್ಡಿ ಎತ್ತಿಕೊಂಡಳು. "ಆಮೇಲೆ ಎಲ್ಲರೂ ಟೀ ಕುಡಿದರು. ಆರೋಗ್ತಿದೆ, ತಗೊಂಬಾ. ಈಡಿತ್‌ಗೆ ಇಸ್ಪೀಟು ಕಲಸೋಕೆ ಹೇಳು."

ಟ್ರಾಂಟರ್ ಬಾಗಿಲವರೆಗೆ ಹೋದವನು ನಿಂತ. ಗಾಜಿನಾಚೆ ಅಂಗಳ. ಅಂಗಳದಲ್ಲಿ ಬಿಳಿ ಪಿಕಪ್. ಪಿಕಪ್ಪಿಗೆ ಒರಗಿ ಡಗ್ಗನ್. ಸುತ್ತಿಗೆ ನನ್ನ ಬಳಿಯೇ ಇತ್ತು. ಅವನು ಬರಿಗೈಯಲ್ಲೇ ನಿಂತು ಅಂಗಿಯ ತೋಳು ಮೇಲಕ್ಕೆ ಮಡಿಚಿಕೊಳ್ಳುತ್ತಿದ್ದ.

"ನೆಲ್..." ಎಂದ ಟ್ರಾಂಟರ್. "ಜೊತೆಗೆ ಬರ್ತೀಯಲ್ಲ? ಮೈಮೇಲೆ ಗೀರೂ ಬೀಳಬಾರದು ಅಂ‌ತ ಮಾತಾಗಿತ್ತಲ್ವಾ?"

ನಾನು ಗೋಡೆಯ ಗಡಿಯಾರ ನೋಡಿದೆ. ನಾಲ್ಕು ದಾಟಿ ಹತ್ತು ನಿಮಿಷ.

"ನನ್ನ ಡ್ಯೂಟಿ ನಾಲ್ಕಕ್ಕೇ ಮುಗೀತು," ಎಂದೆ.